ದೊಡ್ಡ ಅಂಗಡಿ ಸೊರಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ನನ್ನ ಹತ್ತಿರ 3,000 ರೂಪಾಯಿ ಗಿಫ್ಟ್ ಕಾರ್ಡ್ ಇದೆ

ನಿಟ್ಟುವಳ್ಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ಹೋದ ದೀಪಾವಳಿಗೆ ನನ್ನ ತಮ್ಮನ ಮಗನಿಗೆ ಅವನ ಕಂಪನಿಯವರು ಎರಡು ಗಿಫ್ಟ್ ಕಾರ್ಡ್ ಕೊಟ್ಟರು. ಒಂದೊಂದು 1,500 ರೂಪಾಯಿಯದು. ಅವನಿರುವುದು ಪುಣೆಯಲ್ಲಿ, ಒಬ್ಬನೇ. "ಅತ್ತೆ, ನಿಮ್ಮ ಊರಲ್ಲೂ ಆ ಅಂಗಡಿ ಇದೆಯಲ್ಲ, ನೀವೇ ಇಟ್ಕೊಳ್ಳಿ" ಅಂತ ನನಗೆ ಕೊಟ್ಟುಬಿಟ್ಟ. ಯುಗಾದಿಗೆ ಒಂದು ದೊಡ್ಡ ಕುಕ್ಕರ್ ತರೋಣ ಅಂತ ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟಿದ್ದೆ. ಈಗ ನೋಡಿದರೆ ಅಂಗಡಿಯೇ ಯುಗಾದಿ ತನಕ ಇರುತ್ತದೋ ಇಲ್ಲವೋ ಅಂತ ಅನುಮಾನ ಶುರುವಾಗಿದೆ.

ಅಂಗಡಿ ಹೆಸರು ಹೇಳುವುದಿಲ್ಲ. ದಾವಣಗೆರೆಯವರಿಗೆ ಗೊತ್ತಾಗಬಹುದು. ಗೊತ್ತಾದರೂ ಸುಮ್ನೆ ಇರಿ.

ನನ್ನ ಅನುಮಾನಕ್ಕೆ ಕಾರಣ ಏನಂದರೆ, ಮೊದಲು ಅಲ್ಲಿ ಒಂಬತ್ತು ಬಿಲ್ಲಿಂಗ್ ಕೌಂಟರ್ ನಡೆಯುತ್ತಿದ್ದವು. ಭಾನುವಾರ ಸಂಜೆ ಒಂಬತ್ತಕ್ಕೂ ಸಾಲು. ಈಗ ಮೂರು. ಉಳಿದವಕ್ಕೆ ಸರಪಳಿ ಕಟ್ಟಿದ್ದಾರೆ. ಮೇಲಿನ ಮಹಡಿಯಲ್ಲಿ ಅರ್ಧ ಲೈಟು ಆರಿಸಿರುತ್ತಾರೆ. ಹೋದ ವಾರ ಟೂತ್‌ಪೇಸ್ಟ್ ತೆಗೆಯಲು ಕೈ ಹಾಕಿದೆ. ಮುಂದೆ ಒಂದು ಸಾಲು ಚೆಂದ ಜೋಡಿಸಿದ್ದಾರೆ, ಹಿಂದೆ ಖಾಲಿ. ಕೈ ಹೋಗಿ ತಗಡಿಗೆ ತಾಗಿತು. ಆ ಸದ್ದಿಗೆ ನನಗೇ ಒಂಥರಾ ಆಯಿತು. ಶಾವಿಗೆ ಪ್ಯಾಕೆಟ್ ಮಾತ್ರ ನಾಲ್ಕು ಸಾಲು ತುಂಬ ಇದೆ, ಅವರದೇ ಕಂಪನಿಯದು. ಯಾರ ಮನೆಯಲ್ಲಿ ಅಷ್ಟು ಶಾವಿಗೆ ತಿನ್ನುತ್ತಾರೆ ಹೇಳಿ?

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಮದುವೆಯಾಗಿ ಬಂದ 1998ರಿಂದ ಮನೆ ದಿನಸಿ ಲೆಕ್ಕ ಬರೆದಿಟ್ಟಿದ್ದೇನೆ. ಅಕ್ಕಿ ಗಿರಣಿಯವರು, ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಗಳಲ್ಲಿ. ಒಂದು ಟ್ರಂಕ್ ತುಂಬ ಇವೆ. ನಮ್ಮವರು ಇವನ್ನು ಮ್ಯೂಸಿಯಂಗೆ ಕೊಡು ಅಂತಾರೆ.

ಮೊದಲ ಡೈರಿಗಳಲ್ಲಿ ಅಂಗಡಿ ಒಂದೇ, ಮಂಡಿಪೇಟೆಯ ಶೆಟ್ರದು. ಒಂದನೇ ತಾರೀಖು ಚೀಟಿ ಕೊಡುವುದು, ಸಂಜೆ ಹುಡುಗ ಸೈಕಲ್ ಮೇಲೆ ಸಾಮಾನು ತರುವುದು. ಬೇಳೆ ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಅದಕ್ಕೆ ಕಟ್ಟಿದ ದಾರವನ್ನು ನಮ್ಮತ್ತೆ ಬಿಚ್ಚಿ ಉಂಡೆ ಸುತ್ತಿ ಇಡುತ್ತಿದ್ದರು. ಮಗಳನ್ನು ಕರೆದುಕೊಂಡು ಹೋದರೆ ಶೆಟ್ರು ಅವಳ ಕೈಗೆ ಒಂದು ಹಿಡಿ ಪುಟಾಣಿ ಹಾಕುತ್ತಿದ್ದರು. ಅದು ಕೊಸರು. ಹಾಗಂತ ಶೆಟ್ರು ದೇವರಲ್ಲ. ಬೆಲ್ಲದಲ್ಲಿ ಕಲ್ಲು, ಜೀರಿಗೆಯಲ್ಲಿ ಕಡ್ಡಿ. ಉದ್ರಿ ಒಂದು ವಾರ ತಡವಾದರೆ ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ, ಪುಸ್ತಕವನ್ನು ನಮ್ಮ ಕಡೆ ತಿರುಗಿಸಿ ಇಡುತ್ತಿದ್ದರು ಅಷ್ಟೇ. ಅಲ್ಲಿ ನಿಂತಿದ್ದವರೆಲ್ಲ ನೋಡಲಿ ಅಂತ.

2007ರಲ್ಲಿ ಬೆಂಗಳೂರಿಗೆ ನಮ್ಮಕ್ಕನ ಮನೆಗೆ ಹೋದಾಗ ಸುಭಿಕ್ಷಾ ಅಂತ ಅಗ್ಗದ ದಿನಸಿ ಅಂಗಡಿ ನೋಡಿದೆ. ಏಸಿ ಇಲ್ಲ, ಅಲಂಕಾರ ಇಲ್ಲ, ಪಡಸಾಲೆಯಷ್ಟು ಜಾಗ. ಆದರೆ ಎಲ್ಲದಕ್ಕೂ ಎಂಆರ್‌ಪಿಗಿಂತ ಕಡಿಮೆ. ಪ್ಯಾಕೆಟ್ ಮೇಲೆ ಅಚ್ಚಾದ ರೇಟು ಅಂದರೆ ಅದೇ ಕೊನೆ ಮಾತು ಅಂತ ನಾನು ತಿಳಿದಿದ್ದೆ. ಅದು ಅದಕ್ಕಿಂತ ಮೇಲೆ ಹೋಗಬಾರದು ಅನ್ನುವ ಗೆರೆ, ಕೆಳಗೆ ಎಷ್ಟಾದರೂ ಇಳಿಯಬಹುದು ಅಂತ ಗೊತ್ತಾಗಿದ್ದು ಅವತ್ತು. ಊರಿಗೆ ಬಂದು ಶೆಟ್ರಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಅಮ್ಮಾ, ಅವರು ಎಷ್ಟು ದಿನ ಕೊಡ್ತಾರೆ ನೋಡೋಣ" ಅಂದರು. 2009ರಲ್ಲಿ ಸುಭಿಕ್ಷಾ ದೇಶದ ತುಂಬ ಬಾಗಿಲು ಹಾಕಿತು ಅಂತ ಪೇಪರಿನಲ್ಲಿ ಬಂತು. ಶೆಟ್ರು ಆ ಪೇಪರಿನಲ್ಲೇ ನನಗೆ ಸಾಸಿವೆ ಕಟ್ಟಿಕೊಟ್ಟರು. ಬೇಕಂತಲೇ ಕಟ್ಟಿದರೋ ಇಲ್ಲವೋ ಗೊತ್ತಿಲ್ಲ.

ಆದರೂ 2016ರಲ್ಲಿ ನಾನು ಶೆಟ್ರನ್ನು ಬಿಟ್ಟೆ. ಅದರ ಹಿಂದಿನ ವರ್ಷ ತೊಗರಿಬೇಳೆ ಕೆಜಿಗೆ 200 ರೂಪಾಯಿ ದಾಟಿತ್ತು, ನೆನಪಿದೆಯಲ್ವಾ? ಆಗ ಎಲ್ಲರೂ ಎರಡು ರೂಪಾಯಿ ಕಡಿಮೆಗೆ ಓಡುತ್ತಿದ್ದೆವು. ಊರಲ್ಲಿ ಈ ದೊಡ್ಡ ಅಂಗಡಿ ಇತ್ತು. ಹೋದೆ. ಅಲ್ಲೇ ಉಳಿದೆ.

ಡೈರಿ ಹೇಳುವುದು ಹೀಗೆ. ಚೀಟಿಯಲ್ಲಿ ಬರೆದಿದ್ದು 31 ಸಾಮಾನು. ಬಿಲ್ಲಿನಲ್ಲಿ ಬಂದಿದ್ದು 46. ಆ ಹದಿನೈದು ಎಲ್ಲಿಂದ ಬಂದವು? ಮಗಳಿಗೆ ಹೇರ್‌ಬ್ಯಾಂಡು, ಒಂದಕ್ಕೊಂದು ಉಚಿತ ಅಂತ ಎರಡು ಡಬ್ಬಿ ಕಾರ್ನ್‌ಫ್ಲೇಕ್ಸ್ (ನಮ್ಮ ಮನೆಯಲ್ಲಿ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಬಿಟ್ಟು ಬೇರೆ ಮುಟ್ಟುವುದಿಲ್ಲ), ಪ್ಲಾಸ್ಟಿಕ್ ಡಬ್ಬಿ, ಆ ಡಬ್ಬಿಯಲ್ಲಿ ಹಾಕಿಡಲು ಇನ್ನೇನೋ. ಅವನ್ನು ಕೆಂಪು ಪೆನ್ನಿನಲ್ಲಿ ಬರೆಯಲು ಶುರುಮಾಡಿದೆ. 2019ರ ಒಂದು ತಿಂಗಳು ಬಿಲ್ಲು 4,870, ಅದರಲ್ಲಿ ಕೆಂಪು 1,130. ಚೀಟಿಯಲ್ಲಿದ್ದ ಸಾಮಾನಿನಲ್ಲಿ ಉಳಿದಿದ್ದು ಮುನ್ನೂರು, ಮುನ್ನೂರೈವತ್ತು. ಅದು ಸುಳ್ಳಲ್ಲ, ನಿಜವಾಗಿ ಉಳಿದಿದೆ. ಎಣ್ಣೆ, ಸೋಪು, ಬಟ್ಟೆ ಪುಡಿ, ಇವೆಲ್ಲ ಅಲ್ಲಿ ಅಗ್ಗವೇ. ಬೇಳೆ, ಬೆಲ್ಲ, ಒಣಮೆಣಸಿನಕಾಯಿ ಮಾತ್ರ ಒಂದು ತಿಂಗಳೂ ಶೆಟ್ರಿಗಿಂತ ಚೆನ್ನಾಗಿ ಸಿಗಲಿಲ್ಲ. ಅಗ್ಗ ಅಂತ ಮುಗ್ಗಿದ ಜೋಳ ತಂದಳು ಅಂತ ನಮ್ಮತ್ತೆ ಆಡಿಕೊಂಡಿದ್ದು ಒಂದು ಸಲವಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಈ ಕಾರ್ಡನ್ನು ಈಗಲೇ ಖರ್ಚು ಮಾಡಬೇಕಾ, ಯುಗಾದಿ ತನಕ ಕಾಯಬಹುದಾ? ಎರಡು, ಅಗ್ಗಕ್ಕೆ ಕೊಡುವ ಈ ಅಂಗಡಿಗಳು ಇಷ್ಟು ಜನ ತುಂಬಿದ್ದರೂ ಯಾಕೆ ಮುಚ್ಚುತ್ತವೆ? ಜನ ಇಲ್ಲದೆ ಮುಚ್ಚಿದರೆ ಅರ್ಥವಾಗುತ್ತದೆ. ನಾನು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೇನೆ ರೀ.


ಪಿ.ಬಿ. ರೋಡ್ ಪ್ರಯಾಣಿಕ

ಇವತ್ತೇ ಹೋಗಿ. ಇದನ್ನು ಓದಿ ಮುಗಿಸಿದ ಮೇಲೆ ಆಟೋ ಹತ್ತಿ.

ಆದರೆ ಒಂದು ಮಾತು ಅಕ್ಕಾ. ಇಂಥ ಪೋಸ್ಟ್ ನೋಡಿಯೇ ಅರ್ಧ ಊರು ಆ ಅಂಗಡಿ ಮುಚ್ಚುತ್ತದೆ ಅಂತ ಮಾತಾಡಿಕೊಳ್ಳುತ್ತದೆ. ಚೆನ್ನಾಗಿರುವ ಅಂಗಡಿಗೂ ಗಾಳಿಮಾತು ತಾಗಿದರೆ ಕಷ್ಟ. ಸಾಮಾನು ಬರುವುದು ಒಂದು ವಾರ ತಡವಾಗಿರಬಹುದು, ಒಳಗೆ ರಿಪೇರಿ ಇರಬಹುದು. ಟೂತ್‌ಪೇಸ್ಟ್ ಹಿಂದೆ ತಗಡು ಸಿಕ್ಕಿತು ಅಂತ ತಿಥಿ ಮಾಡುವುದು ಬೇಡ.


ಚೌಕಿಪೇಟೆ ತಕ್ಕಡಿ

ಅಕ್ಕಾ, ನಮ್ಮದು ಕಿರಾಣಿ ಅಂಗಡಿ. ಅಪ್ಪನ ಕಾಲದ್ದು. ನಿಮ್ಮ ಶೆಟ್ರು ಪುಸ್ತಕ ತಿರುಗಿಸಿ ಇಡುತ್ತಿದ್ದರು ಅಂದಿರಲ್ಲ, ಓದಿ ನಗು ತಡೆಯಲಾಗಲಿಲ್ಲ. ಅದು ಮನೆ ಮನೆಯ ವಿದ್ಯೆ. ನಮ್ಮಪ್ಪ ಪುಸ್ತಕ ತಿರುಗಿಸಿ ಮೇಲೆ ಪೆನ್ನನ್ನೂ ಇಡುತ್ತಿದ್ದರು.

ಒಂದು ಗುಟ್ಟು ಹೇಳುತ್ತೇನೆ, ಬೈಯಬೇಡಿ. ಆ ದೊಡ್ಡ ಅಂಗಡಿಗಳಿಗೆ ನಾವೂ ಹೋಗುತ್ತೇವೆ, ಮಾರಲು ಸಾಮಾನು ತರಲು. ಡಿಸ್ಟ್ರಿಬ್ಯೂಟರ್ ನನಗೆ ಬಿಸ್ಕತ್ತು, ಸೋಪು ಕೊಡುವುದು ನೂರಕ್ಕೆ ಎಂಟೋ ಹತ್ತೋ ರೂಪಾಯಿ ಉಳಿಯುವ ಹಾಗೆ. ಅಲ್ಲಿ ಆಫರ್ ಇದ್ದ ದಿನ ಅದೇ ಸೋಪು ಗಿರಾಕಿಗೆ ಸಿಗುವ ರೇಟು ನನ್ನ ಖರೀದಿಗಿಂತ ಕಡಿಮೆ ಇರುತ್ತದೆ. ನಾನು ಯಾಕೆ ಬಿಡಲಿ? ಒಬ್ಬರಿಗೆ ನಾಲ್ಕೇ ಅಂತ ಬೋರ್ಡ್ ಹಾಕುತ್ತಾರೆ. ಅದಕ್ಕೆ ನಾನು, ನನ್ನ ಹೆಂಡತಿ, ತಮ್ಮ, ಅಂಗಡಿ ಹುಡುಗ ನಾಲ್ಕು ಜನ ಬೇರೆ ಬೇರೆ ಟ್ರಾಲಿ ತಳ್ಳಿಕೊಂಡು ಹೋಗುತ್ತೇವೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ. ಹುಡುಗ ಮಾತ್ರ "ಅಣ್ಣಾ, ಇದನ್ನೂ ತಗೊಳ್ಳಲಾ?" ಅಂತ ಕೂಗಿ ಮರ್ಯಾದೆ ತೆಗೆಯುತ್ತಾನೆ.

ನಮ್ಮ ಕೈಲಿ ಆಗುವುದು ಬೇಳೆ, ಬೆಲ್ಲ, ಮೆಣಸಿನಕಾಯಿ. ಬ್ಯಾಡಗಿಗೆ ಹೋಗಿ ಮೂಸಿ ನೋಡಿ ತರುತ್ತೇವೆ. ಬಿಡಿ ಸಾಮಾನಿಗೆ ಎಂಆರ್‌ಪಿ ಇಲ್ಲ, ಅಲ್ಲಿ ವ್ಯಾಪಾರಿಯ ಕಣ್ಣೇ ಬಂಡವಾಳ. ಪ್ಯಾಕೆಟ್ ಅಲ್ಲಿ ತಗೊಳ್ಳಿ, ಬಿಡಿ ಸಾಮಾನು ನಮ್ಮಲ್ಲಿ ತಗೊಳ್ಳಿ ಅಂತ ನಾನೇ ಹೇಳುತ್ತೇನೆ. ಆದರೆ ಯಾರೂ ಹಾಗೆ ಮಾಡುವುದಿಲ್ಲ. ಒಂದೇ ಕಡೆ ಎಲ್ಲ ತುಂಬಿಕೊಂಡು ಬಂದು, ಉಪ್ಪು ಮರೆತಾಗ ಮಾತ್ರ ನಮ್ಮ ಹತ್ತಿರ ಬರುತ್ತಾರೆ. ರಾತ್ರಿ ಒಂಬತ್ತೂವರೆಗೆ. ಉದ್ರಿಗೆ.


ಹರಿಹರದ ಹಳೇ ಸೂಪರ್‌ವೈಸರ್

ಮೇಡಂ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಉತ್ತರಿಸಬಹುದು. ಬೆಂಗಳೂರಿನಲ್ಲಿ ಇಂಥದೊಂದು ಸರಣಿಯಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಕೊನೆಗೆ ಎರಡು ತಿಂಗಳ ಸಂಬಳ ಬರಲೇ ಇಲ್ಲ ಅನ್ನುವುದಷ್ಟು ಸಾಕು.

ನೀವು ಹೇಳಿದ ಒಂದು ಸಾಲು ಟೂತ್‌ಪೇಸ್ಟ್ ಇದೆಯಲ್ಲ, ಅದನ್ನು ಜೋಡಿಸುತ್ತಿದ್ದವನು ನಾನೇ. ಮೇಲಿನಿಂದ ಫೋನ್ ಬರುತ್ತಿತ್ತು, "ಶೆಲ್ಫ್ ಖಾಲಿ ಕಾಣಬಾರದು" ಅಂತ. ಇದ್ದದ್ದನ್ನೆಲ್ಲ ಮುಂದಕ್ಕೆ ಎಳೆದು, ಅಗಲವಾಗಿ ಹರಡುತ್ತಿದ್ದೆವು. ಪೇಸ್ಟ್ ಕಂಪನಿಯವರು ಸಾಮಾನು ನಿಲ್ಲಿಸುವುದು ದುಡ್ಡು ಬಾರದಿದ್ದಾಗ. ಆದರೆ ಸ್ವಂತ ಬ್ರ್ಯಾಂಡಿನ ಸಾಮಾನು ಹಳೆಯ ಗೋಡೌನಿನಿಂದ ಇನ್ನೂ ಬರುತ್ತಿರುತ್ತದೆ. ಅದಕ್ಕೇ ನಿಮ್ಮಲ್ಲಿ ನಾಲ್ಕು ಸಾಲು ಶಾವಿಗೆ. ಪ್ರಯಾಣಿಕ ಅವರೇ, ರಿಪೇರಿ ಇದ್ದರೆ ಶಾವಿಗೆಯೂ ಇರುತ್ತಿರಲಿಲ್ಲ.

ಜನ ತುಂಬಿದ್ದರೂ ಯಾಕೆ ಮುಚ್ಚುತ್ತವೆ ಅಂದಿರಿ. ಅಗ್ಗದ ಅಂಗಡಿಗೆ ಒಂದು ಸಾಮಾನಿನಲ್ಲಿ ಉಳಿಯುವುದು ಚಿಲ್ಲರೆ. ಆ ಚಿಲ್ಲರೆ ನೂರು ಸಲ ತಿರುಗಬೇಕು. ತಿರುಗುವಾಗ ಬಾಡಿಗೆಯೋ ಸಾಲದ ಬಡ್ಡಿಯೋ ಅದನ್ನು ತಿಂದರೆ ಮುಗಿಯಿತು. ನೀವು ಮುಕ್ಕಾಲು ಗಂಟೆ ನಿಂತು ಕೊಟ್ಟ ದುಡ್ಡು ಸೋಪಿನ ಕಂಪನಿಗೆ ಹೋಗದೆ ಇನ್ನೊಂದು ಊರಿನ ಹೊಸ ಅಂಗಡಿಯ ಅಡ್ವಾನ್ಸ್‌ಗೆ ಹೋಗಿರುತ್ತದೆ. ಸೋಪಿನವನು ಒಂದು ತಿಂಗಳು ತಡೆಯುತ್ತಾನೆ, ಎರಡು ತಿಂಗಳು ತಡೆಯುತ್ತಾನೆ.

ಸುಭಿಕ್ಷಾ ಆಗಿದ್ದು ಹೀಗೇ. 1997ರಲ್ಲಿ ಚೆನ್ನೈನಲ್ಲಿ ಶುರುವಾಗಿದ್ದು, ಕೊನೆಯ ಎರಡು ಮೂರು ವರ್ಷದಲ್ಲಿ ಓಡಿ ಓಡಿ 1,600ರಷ್ಟು ಅಂಗಡಿ ಮಾಡಿಕೊಂಡಿತು. ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆ ಕೂಡ 2008ರಲ್ಲಿ ಪಾಲು ಕೊಂಡಿತ್ತು. ಅಂಥವರು ನಂಬಿದ್ದನ್ನು ನಾವು ನಂಬದಿರುತ್ತೇವಾ? 2009ರ ಶುರುವಿನಲ್ಲಿ ಕೈಯಲ್ಲಿ ನಗದು ಇಲ್ಲದೆ ಎಲ್ಲ ನಿಂತಿತು.

ಬಿಗ್ ಬಜಾರ್ ಕಥೆ ಇನ್ನೂ ದೊಡ್ಡದು. 2001ರಲ್ಲಿ ಶುರು. ಜನವರಿ 26ಕ್ಕೆ "ಸಬ್‌ಸೆ ಸಸ್ತಾ ದಿನ್" ಅಂತ 2006ರಲ್ಲಿ ಮಾಡಿದಾಗ ಬಾಗಿಲು ಮುರಿಯುವಷ್ಟು ಜನ. ಆದರೆ ಸಾಲ ಬೆಳೆದಿತ್ತು, ಮೇಲೆ ಕೊರೊನಾ ಬಂತು. 2020ರ ಆಗಸ್ಟ್‌ನಲ್ಲಿ ರಿಲಯನ್ಸ್‌ಗೆ ಅದರ ಒಡೆಯರಾದ ಫ್ಯೂಚರ್ ಗ್ರೂಪಿನ ಚಿಲ್ಲರೆ, ಸಗಟು ವ್ಯಾಪಾರವನ್ನು 24,713 ಕೋಟಿಗೆ ಮಾರುವ ಮಾತಾಯಿತು. ಆ ಗ್ರೂಪಿನಲ್ಲಿ ಮೊದಲೇ ದುಡ್ಡು ಹಾಕಿದ್ದ ಅಮೆಜಾನ್ ಒಪ್ಪದೆ ಕೋರ್ಟಿಗೆ ಹೋಯಿತು. ಇವರು ಜಗಳ ಆಡುತ್ತಿದ್ದಾಗ ಬಾಡಿಗೆ ಬಾಕಿ ಬೆಳೆಯಿತು, ಎಷ್ಟೋ ಕಟ್ಟಡಗಳ ಲೀಸ್ ರಿಲಯನ್ಸ್ ಹೆಸರಿಗೆ ಬಂದಿತ್ತು. 2022ರ ಫೆಬ್ರವರಿಯಲ್ಲಿ ಅವರು ಅಂಗಡಿಗಳನ್ನೇ ವಶಕ್ಕೆ ತೆಗೆದುಕೊಂಡರು. ಅವುಗಳಲ್ಲಿ ಎಷ್ಟೋ ಈಗ ಸ್ಮಾರ್ಟ್ ಬಜಾರ್ ಅಂತ ನಡೆಯುತ್ತಿವೆ. ಮನೆಯ ಯಜಮಾನ ಬದಲಾದರೂ ಬಾಗಿಲು ಅದೇ.

ಇದಕ್ಕೆ ಉಲ್ಟಾ ಡಿಮಾರ್ಟ್. 2002ರಲ್ಲಿ ಮುಂಬೈನ ಪವಾಯಿಯಲ್ಲಿ ಮೊದಲ ಅಂಗಡಿ. ಆದಷ್ಟು ಮಟ್ಟಿಗೆ ಸ್ವಂತ ಕಟ್ಟಡ, ಇಲ್ಲವೇ ಬಹಳ ವರ್ಷದ ಲೀಸ್. ಸಾಮಾನು ಕೊಟ್ಟವರಿಗೆ ಬೇಗ ದುಡ್ಡು ಕೊಡುತ್ತಾರೆ, ಅದಕ್ಕೆ ರೇಟು ಇಳಿಸಿಕೊಳ್ಳುತ್ತಾರೆ. ನಿಧಾನವಾಗಿ ಬೆಳೆದರು. 2025ರ ಮಾರ್ಚ್‌ಗೆ 415 ಅಂಗಡಿ. ಸುಭಿಕ್ಷಾ ಎರಡು ವರ್ಷದಲ್ಲಿ ತೆರೆದಷ್ಟನ್ನು ಇವರು ಇಪ್ಪತ್ತು ವರ್ಷ ದಾಟಿದರೂ ತೆರೆದಿಲ್ಲ. ಆದರೂ 2024ರಲ್ಲಿ ಅವರೇ ಒಪ್ಪಿಕೊಂಡರು, ದೊಡ್ಡ ನಗರಗಳಲ್ಲಿ ಫೋನಿನಲ್ಲಿ ತರಿಸಿಕೊಳ್ಳುವವರಿಂದ ತಮ್ಮ ವ್ಯಾಪಾರಕ್ಕೂ ಪೆಟ್ಟು ಬಿದ್ದಿದೆ ಅಂತ.

ಸತ್ತು ಬದುಕಿದ್ದೂ ಉಂಟು. ವಿಶಾಲ್ ಮೆಗಾ ಮಾರ್ಟ್ ಸಾಲದಲ್ಲಿ ಮುಳುಗಿ 2011ರಲ್ಲಿ ಬೇರೆಯವರ ಕೈಗೆ ಹೋಯಿತು. ಅದೇ ಹೆಸರು 2024ರ ಡಿಸೆಂಬರ್‌ನಲ್ಲಿ 8,000 ಕೋಟಿಯ ಷೇರು ಮಾರಾಟಕ್ಕೆ ಬಂತು. ಆದ್ದರಿಂದ ನಿಮ್ಮ ಅಂಗಡಿ ಮುಚ್ಚಿಯೇ ಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಹೊಸಬರು ಬಂದರೆ ನಿಮ್ಮ ಹಳೇ ಕಾರ್ಡ್ ಒಪ್ಪುತ್ತಾರಾ ಅನ್ನುವುದೇ ಪ್ರಶ್ನೆ.


ವಿದ್ಯಾನಗರ ಮೆಸ್

ಕಾಲೇಜು ಹುಡುಗರಿಗೆ ಮೆಸ್ ನಡೆಸುತ್ತೇನೆ. ದಿನಕ್ಕೆ 70 ಊಟ. ನನಗೆ ಈ ಅಂಗಡಿ ಬದುಕಲಿ ಸಾಯಲಿ, ಅಕ್ಕಿ ಮಾತ್ರ ಗಿರಣಿಯಿಂದಲೇ. ಭದ್ರಾ ನಾಲೆಯ ಸೋನಾ ಮಸೂರಿ ಇಲ್ಲೇ ಬೆಳೆದು ಇಲ್ಲೇ ಗಿರಣಿಯಾಗುವಾಗ, ಎಲ್ಲೋ ಪ್ಯಾಕ್ ಆಗಿ ಬಂದಿದ್ದನ್ನು ಏಸಿ ಕೋಣೆಯಲ್ಲಿ ಕೊಳ್ಳಲು ನನಗೇನು ಹುಚ್ಚಾ?

ಇನ್ನೊಂದು ತಮಾಷೆ ಗೊತ್ತಲ್ಲ. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕೆಟ್ ಅಕ್ಕಿಗೆ ನೂರಕ್ಕೆ 5 ಜಿಎಸ್‌ಟಿ ಹಾಕಿದರು. 25 ದಾಟಿದರೆ ಇಲ್ಲ. ಅಲ್ಲಿಂದ 26 ಕೆಜಿ ಚೀಲ ಶುರು. ಒಂದು ಕೆಜಿ ಜಾಸ್ತಿ ಹೊತ್ತರೆ ತೆರಿಗೆ ಉಳಿಯಿತು. ನನ್ನ ಬೆನ್ನು ಹೋಯಿತು.

ಸೋಪಿನ ಪುಡಿ, ಪಾತ್ರೆ ತಿಕ್ಕುವ ಬಾರು ಮಾತ್ರ ದೊಡ್ಡ ಅಂಗಡಿಯಲ್ಲೇ ತಗೊಳ್ಳುತ್ತೇನೆ. ಹುಡುಗರು ಬಟ್ಟೆಗೆ ಜುಡಿಯೋ ಅಂತ ಓಡುತ್ತಾರೆ, 999 ದಾಟುವುದಿಲ್ಲ ಅಂತ. ಮೆಸ್ ಬಿಲ್ಲು 100 ರೂಪಾಯಿ ಏರಿಸಿದರೆ ಮಾತ್ರ ಪ್ರತಿಭಟನೆ.


ದುರ್ಗದಿಂದ ಒಹಾಯೊ

ಚಿತ್ರದುರ್ಗದವನು, ಈಗ ಅಮೆರಿಕದ ಒಹಾಯೊದಲ್ಲಿದ್ದೇನೆ. ಅಕ್ಕಾ, ನಿಮ್ಮ ಕಾರ್ಡಿನ ವಿಷಯ ಓದಿದ ತಕ್ಷಣ ಇಲ್ಲಿನದೊಂದು ನೆನಪಾಯಿತು. ಬೆಡ್ ಬಾತ್ ಅಂಡ್ ಬಿಯಾಂಡ್ ಅಂತ ಮನೆ ಸಾಮಾನಿನ ಸರಣಿ. ಅವರ ರಿಯಾಯಿತಿ ಕೂಪನ್ ಇಲ್ಲದ ಮನೆಯೇ ಇರಲಿಲ್ಲ, ಕಾರಿನ ಡ್ರಾಯರಿನಲ್ಲೂ ಇಟ್ಟುಕೊಳ್ಳುತ್ತಿದ್ದರು. 2023ರ ಏಪ್ರಿಲ್ 23ರಂದು ದಿವಾಳಿ ಅರ್ಜಿ ಹಾಕಿದರು. ಮೂರು ದಿನಕ್ಕೆ ಕೂಪನ್ ನಿಂತಿತು. ಗಿಫ್ಟ್ ಕಾರ್ಡಿಗೆ ಮೇ 8ರ ಗಡುವು ಕೊಟ್ಟರು. ಒಟ್ಟು ಎರಡು ವಾರ. ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟವರಿಗೆ ಗೊತ್ತಾಗುವ ಹೊತ್ತಿಗೆ ಮುಗಿದಿತ್ತು.

ಈ ಒಹಾಯೊ ರಾಜ್ಯದ್ದೇ ಬಿಗ್ ಲಾಟ್ಸ್, ಉಳಿದ ಮಾಲನ್ನು ಅಗ್ಗಕ್ಕೆ ಮಾರುವವರು, 2024ರ ಸೆಪ್ಟೆಂಬರ್‌ನಲ್ಲಿ ಅದೂ ದಿವಾಳಿ. ಡಾಲರ್ ಟ್ರೀ ಅಂತ ಇದೆ, ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ "ಯಾವುದ್ ತಗೊಂಡ್ರೂ ಹತ್ತು ರೂಪಾಯಿ" ಅಂತ ಕೂಗುತ್ತಾರಲ್ಲ, ಅದೇ ಗಾಡಿಯನ್ನು ಕಟ್ಟಡದೊಳಗೆ ಇಟ್ಟ ಹಾಗೆ. ಹತ್ತಾರು ವರ್ಷ ಎಲ್ಲಕ್ಕೂ ಒಂದೇ ಡಾಲರ್ ಅಂತಿದ್ದರು. 2021ರ ಕೊನೆಗೆ ಒಂದೂಕಾಲು ಮಾಡಿದರು. ಹೆಸರು ಮಾತ್ರ ಬದಲಾಯಿಸಲಿಲ್ಲ. ಜಾತ್ರೆಯವರೇ ವಾಸಿ, ರೇಟು ಏರಿಸಿದರೆ ಕೂಗನ್ನೂ ಬದಲಾಯಿಸುತ್ತಾರೆ.


ನಿಟ್ಟುವಳ್ಳಿ ಅಕ್ಕ

ಎಲ್ಲರಿಗೂ ಧನ್ಯವಾದ. ತಕ್ಕಡಿಯವರೇ, ನಿಮ್ಮ ನಾಲ್ಕು ಟ್ರಾಲಿ ಕಥೆ ಓದಿ ನಮ್ಮವರಿಗೆ ತೋರಿಸಿದೆ. ಒಂದು ಸಲ ನನ್ನ ಮುಂದೆ ಸಾಲಿನಲ್ಲಿ ಒಬ್ಬರು ಬರೀ ಸೋಪು ತುಂಬಿಕೊಂಡು ನಿಂತಿದ್ದರು. ಮನೆಯಲ್ಲಿ ಎಷ್ಟು ಜನ ಇದ್ದಾರಪ್ಪ ಅಂದುಕೊಂಡಿದ್ದೆ. ನೀವೇ ಇರಬೇಕು.

ಸೂಪರ್‌ವೈಸರ್ ಅವರೇ, ನಿಮ್ಮ ಸಂಬಳದ ಮಾತು ಓದಿ ಬೇಜಾರಾಯಿತು. ಈ ಅಂಗಡಿಯಲ್ಲಿ ಎರಡನೇ ಕೌಂಟರಿನ ಹುಡುಗಿ ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾಳೆ. ಹೋದ ತಿಂಗಳು ಎರಡು ಬ್ಲೌಸ್ ಕೊಟ್ಟು, "ಆಂಟಿ, ದುಡ್ಡು ಮುಂದಿನ ತಿಂಗಳು ಕೊಡಲಾ?" ಅಂದಳು. ಯಾವತ್ತೂ ಕೇಳಿದವಳಲ್ಲ. ನಾನು ಕೌಂಟರ್ ಎಣಿಸಿದೆ, ಲೈಟ್ ಎಣಿಸಿದೆ, ಅದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಲಿಲ್ಲ ನೋಡಿ.

ಪ್ರಯಾಣಿಕರೇ, ನೀವು ಹೇಳಿದ್ದೂ ಸರಿ. ಗಾಳಿಮಾತು ಹಬ್ಬಿಸುವ ಇಷ್ಟ ನನಗಿಲ್ಲ. ಆದರೆ 3,000 ರೂಪಾಯಿ ಅಂದರೆ ನನಗೆ ಮೂವತ್ತು ಸೀರೆಯ ಫಾಲ್.

ಇನ್ನೊಂದು ಸಂದೇಹ. ಅಕಸ್ಮಾತ್ ಮುಚ್ಚಿದರೆ ಈ ಕಾರ್ಡಿನ ದುಡ್ಡು ಕೇಳಲು ಎಲ್ಲಿಗೆ ಹೋಗಬೇಕು? ರಿಸರ್ವ್ ಬ್ಯಾಂಕಿಗೆ ಬರೆದರೆ ಆಗುತ್ತದಾ? ನಮ್ಮ ಸಂಘದಲ್ಲಿ ಒಬ್ಬರು ಹಾಗೆ ಹೇಳಿದರು.


ಹರಿಹರದ ಹಳೇ ಸೂಪರ್‌ವೈಸರ್

ಆಗುವುದಿಲ್ಲ ಮೇಡಂ. ಆ ಅಂಗಡಿಯಲ್ಲಿ ಮಾತ್ರ ನಡೆಯುವ ಕಾರ್ಡ್ ರಿಸರ್ವ್ ಬ್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ. ಅದು ನೀವು ಅಂಗಡಿಗೆ ಮುಂಗಡ ಕೊಟ್ಟ ಹಾಗೆ, ಅಷ್ಟೇ. ಅಂಗಡಿ ನಡೆಯುತ್ತಿರುವಾಗ ಕಾರ್ಡ್ ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ದಿವಾಳಿ ಆಯಿತು ಅಂದರೆ ಬೇರೆ ಕಥೆ. ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮುಂದೆ ನಿಲ್ಲುತ್ತವೆ. ನೀವು ಸಾಲಿನ ತುದಿ. ಆ ಸಾಲು ನಿಮ್ಮ ಮುಕ್ಕಾಲು ಗಂಟೆಯ ಸಾಲಿನ ಹಾಗಲ್ಲ, ಕೌಂಟರ್ ಹತ್ತಿರ ಬಂದಾಗ ಡ್ರಾಯರ್ ಖಾಲಿ ಇರುತ್ತದೆ.

ಹೋಗುವಾಗ ಎರಡೂ ಕಾರ್ಡಿನ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಮಧ್ಯಾಹ್ನ ಹೋಗಿ, ಮಿಷನ್ ಮೇಲೆ ಒತ್ತಡ ಕಡಿಮೆ. ಮೊದಲು ಕೌಂಟರಿನಲ್ಲಿ ಕಾರ್ಡ್ ನಡೆಯುತ್ತದಾ ಕೇಳಿ, ಆಮೇಲೆ ಟ್ರಾಲಿ ಹಿಡಿಯಿರಿ.


ಚೌಕಿಪೇಟೆ ತಕ್ಕಡಿ

ಕುಕ್ಕರ್ ಚೆನ್ನಾಗಿಲ್ಲದಿದ್ದರೆ ಕೆಡದ ಸಾಮಾನು ತಗೊಳ್ಳಿ ಅಕ್ಕಾ. ಸೋಪು, ಪುಡಿ, ಪೇಸ್ಟ್. 2025ರ ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟ್, ಶಾಂಪೂಗೆ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ. ಹಳೇ ಮಾಲಿನ ಮೇಲೆ ಹಳೇ ರೇಟು ಹಾಗೇ ಇದ್ದರೆ ಬಿಲ್ಲಿನಲ್ಲಿ ಎಷ್ಟು ಹಾಕುತ್ತಾರೆ ನೋಡಿಕೊಳ್ಳಿ. ಶಾಂಪೂ ಬಾಟಲ್ ಬೇಡ, ಪುಟ್ಟ ಸ್ಯಾಶೆ ಶಾಂಪೂ ನಮ್ಮಲ್ಲೇ ತಗೊಳ್ಳಿ. ಮಿಲಿ ಲೆಕ್ಕ ಹಾಕಿ ನೋಡಿದರೆ ಎಷ್ಟೋ ಸಲ ಅದೇ ಕಡಿಮೆ ಬೀಳುತ್ತದೆ. ಈಗ ಪ್ಯಾಕೆಟ್ ಮೇಲೇ ಗ್ರಾಮಿಗೆ ಎಷ್ಟು, ಮಿಲಿಗೆ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ, ಕನ್ನಡಕ ತಗೊಂಡು ಹೋಗಿ.


ನಿಟ್ಟುವಳ್ಳಿ ಅಕ್ಕ

ಹೋಗಿ ಬಂದೆ. ಆಟೋಗೆ ಹೋಗುವಾಗ 80, ಬರುವಾಗ 100 (ಸಾಮಾನು ಇದೆ ಅಂತ).

ಕುಕ್ಕರ್ ಸಾಲಿನಲ್ಲಿ ಮೂರೇ ಇದ್ದವು, ಮೂರೂ ಎರಡು ಲೀಟರಿನವು. ಹಬ್ಬಕ್ಕೆ ನಮ್ಮ ಮನೆಯಲ್ಲಿ ಹದಿನಾರು ಜನ. ಬಿಟ್ಟೆ. ಚೀಟಿ ಹಿಡಿದುಕೊಂಡೇ ಹೋಗಿದ್ದೆ. ಎಣ್ಣೆ ಐದು ಲೀಟರಿನ ಎರಡು ಕ್ಯಾನ್, ಬಟ್ಟೆ ಪುಡಿ, ಮೈಸೋಪು ಎರಡು ಡಜನ್, ಪಾತ್ರೆ ಬಾರು, ಪೇಸ್ಟ್ ಇದ್ದಷ್ಟು. ಪೇಸ್ಟ್ ತೆಗೆಯುವಾಗ ಮತ್ತೆ ತಗಡು ತಾಗಿತು, ಈ ಸಲ ಬೇಕಂತಲೇ ತಟ್ಟಿ ನೋಡಿದೆ. ಬಟ್ಟೆಗಳನ್ನು ಮೇಲಿನಿಂದ ಇಳಿಸಿ ಬಾಗಿಲ ಹತ್ತಿರವೇ ರಾಶಿ ಹಾಕಿದ್ದಾರೆ. ಒಂದು ನೈಟಿ ಕೈಯಲ್ಲಿ ಹಿಡಿದೆ. ಹೊಲಿಗೆ ನೋಡಿದೆ. ಇಟ್ಟೆ. ಬಗಲಲ್ಲಿ ಒಂದೇ ಹೊಲಿಗೆ ಹಾಕಿದ್ದರು, ಎರಡು ಸಲ ಒಗೆದರೆ ಬಿಟ್ಟುಕೊಳ್ಳುತ್ತದೆ.

ಎರಡನೇ ಕೌಂಟರಿನಲ್ಲೇ ನಿಂತೆ. ಮೊದಲ ಕಾರ್ಡ್ ನಡೆಯಿತು. ಎರಡನೆಯದಕ್ಕೆ ಸರ್ವರ್ ಇಲ್ಲ ಅಂತು. ಆ ಹುಡುಗಿ ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ, "ಆಂಟಿ, ಸಾಮಾನು ಪಕ್ಕಕ್ಕೆ ಇಟ್ಟಿರ್ತೀನಿ, ಎಲ್ಲೂ ಹೋಗ್ಬೇಡಿ" ಅಂದಳು. ಒಂದು ಗಂಟೆ ಸ್ಟೂಲ್ ಮೇಲೆ ಕೂತಿದ್ದೆ. ಐದು ಸಲ ಎಳೆದ ಮೇಲೆ ಆಯಿತು. 22 ರೂಪಾಯಿ ಉಳಿಯಿತು. ಚಿಲ್ಲರೆ ಕೊಡುವುದಿಲ್ಲ ಅಂದರು. 20 ರೂಪಾಯಿಯ ಶಾವಿಗೆ ತಗೊಂಡೆ. ಇಡೀ ಬಿಲ್ಲಿನಲ್ಲಿ ಕೆಂಪು ಪೆನ್ನು ಅದೊಂದಕ್ಕೇ.

ಬರುವಾಗ ಆ ಹುಡುಗಿಗೆ ಬ್ಲೌಸ್ ಆಗಿದೆ, ಬಂದು ತಗೊಂಡು ಹೋಗು ಅಂದೆ. ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಆಮೇಲೆ ಆಟೋ ಮಂಡಿಪೇಟೆ ಕಡೆಗೇ ತಿರುಗಿಸಿದೆ, ಬೇಳೆಗೆ. ಈಗ ಶೆಟ್ರ ಮಗ ಕೂರುತ್ತಾನೆ. ಗುರುತು ಹಿಡಿದ. "ಏನಮ್ಮ, ಒಂಬತ್ತು ಹತ್ತು ವರ್ಷ ಆಯಿತಲ್ಲ" ಅಂದ. ನಾನು ಏನು ಹೇಳಲಿ? ತೊಗರಿಬೇಳೆ ಎಷ್ಟು ಅಂತ ಕೇಳಿದೆ. ಕೆಜಿಗೆ ಆರು ರೂಪಾಯಿ ಜಾಸ್ತಿ ಹೇಳಿದ. ಚೌಕಾಸಿ ಮಾಡಿ ನಾಲ್ಕು ಇಳಿಸಿದೆ. ಗೋಡೆ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾನೆ, ಅದರ ಕೆಳಗೆ "ಉದ್ರಿ ಕೇಳಬೇಡಿ" ಅಂತ ಬರೆದಿದೆ. ಪುಸ್ತಕ ತಿರುಗಿಸುವ ಕಷ್ಟವೂ ಈಗಿಲ್ಲ.


ವಿದ್ಯಾನಗರ ಮೆಸ್

ಅದೆಲ್ಲ ಇರಲಿ ಅಕ್ಕಾ, ಬಟ್ಟೆ ಪುಡಿ ದೊಡ್ಡ ಚೀಲ ಇನ್ನೂ ಉಳಿದಿತ್ತಾ ಅಲ್ಲಿ?


ನಿಟ್ಟುವಳ್ಳಿ ಅಕ್ಕ

ಆರು ಕೆಜಿಯವು ಎರಡೋ ಮೂರೋ ಇದ್ದವು. ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ. ತಕ್ಕಡಿಯವರು ನಾಲ್ಕು ಟ್ರಾಲಿ ತರುವ ಮೊದಲೇ ಹೋಗಿ.